ಈಶಾನ್ಯ ಮೂಲೆ ಮತ್ತು ಒಂದೇ ನಾಬಿನ ಡಿಟೆಕ್ಟರ್

ಅಂಗಡಿಯವನು ಎರಡು ಮೆಟಲ್ ಡಿಟೆಕ್ಟರುಗಳನ್ನು ಗಾಜಿನ ಕೌಂಟರಿನ ಮೇಲೆ ಅಕ್ಕಪಕ್ಕ ಮಲಗಿಸಿ, ಆರಿಸಿಕೊಳ್ಳಿ ಎನ್ನುವಂತೆ ನನ್ನ ಮುಖ ನೋಡಿದ. ಒಂದು ತೀರಾ ಸಾದಾ. ಮೇಲೊಂದು ಹಿಡಿ, ಕೆಳಗೆ ಊಟದ ತಟ್ಟೆಯಷ್ಟಗಲದ ಬಳೆ, ನಡುವೆ ಕೋಲು, ಒಂದೇ ಒಂದು ನಾಬು. ನೆಲದಲ್ಲಿರುವುದು ಚಿನ್ನವೋ ಮೊಳೆಯೋ, ಅದಕ್ಕೆ ಗೊತ್ತಿರುವುದು ಒಂದೇ ಸ್ವರ. ಇನ್ನೊಂದಕ್ಕೆ ಮೈತುಂಬ ಫೀಚರುಗಳು. ಪುಟ್ಟ ಪರದೆ, ಅದರ ಮೇಲೆ ಓಡುವ ಅಂಕಿಗಳು, ಒಂದೊಂದು ಲೋಹಕ್ಕೆ ಒಂದೊಂದು ಸ್ವರ. ಬೇಡವಾದ ಲೋಹ ಯಾವುದೆಂದು ಮೊದಲೇ ಹೇಳಿಟ್ಟರೆ, ಅದು ಸಿಕ್ಕಾಗ ಬಾಯಿ ಮುಚ್ಚಿಕೊಂಡಿರುವಷ್ಟು ಜಾಣತನ.

ಸಿಡ್ನಿಯ ಹೊರವಲಯದಲ್ಲಿ, ಪೆನ್ರಿತ್ ಕಡೆಯ ಆ ಅಂಗಡಿಗೆ ಬರುವವರು ಬೇರೆಯೇ ಜನ. ಭಾನುವಾರ ಬೆಳಿಗ್ಗೆ ಬೀಚಿನಲ್ಲಿ ನಾಣ್ಯ, ಉಂಗುರ ಹುಡುಕುವವರು, ರಜೆ ಹಾಕಿ ವಿಕ್ಟೋರಿಯಾದ ಹಳೆಯ ಚಿನ್ನದ ಸೀಮೆಗಳಿಗೆ ಹೋಗುವವರು. ಕಾರ್ಡಿಗನ್ ಹಾಕಿ, ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿಕೊಂಡು ಬಸ್ಸಿನಿಂದಿಳಿದು ಬಂದ ನನ್ನಂಥ ಅಜ್ಜಿಯನ್ನು ಅವನು ಅಲ್ಲಿ ನೋಡಿರಲಿಲ್ಲವೆಂದು ಕಾಣುತ್ತದೆ. ಆದರೂ ಮರ್ಯಾದೆಯಿಂದಲೇ, ಇಲ್ಲಿನವರ ರೂಢಿಯಂತೆ, ಏನು ಹುಡುಕಬೇಕು ಲವ್, ಎಂದು ಕೇಳಿದ.

ಒಂದು ಮೆಡಲ್, ಎಂದೆ. ನನ್ನ ಗಂಡ ಮಣ್ಣಲ್ಲಿ ಇಟ್ಟದ್ದು.

ಅವನ ದನಿ ತಗ್ಗಿತು. ಯಾವ ಯುದ್ಧ ಎಂದು ಕೇಳಿದ. ಈ ದೇಶದಲ್ಲಿ ಮುದುಕಿಯೊಬ್ಬಳು ಗಂಡನ ಮೆಡಲ್ ಎಂದರೆ ಜನರ ಮನಸ್ಸು ಅಲ್ಲಿಗೇ ಹೋಗುತ್ತದೆ. ನಮ್ಮವರು ಮೆಲ್ಬರ್ನಿನ ರೈಲ್ವೆಯಲ್ಲಿ ಇಂಜಿನಿಯರ್ ಆಗಿದ್ದವರು. ಅವರು ಹೋರಾಡಿದ ಯುದ್ಧವೆಂದರೆ ಫುಟ್ಸ್‌ಕ್ರೇಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಮರ ಹತ್ತುವ ಪಾಸಮ್ ಪ್ರಾಣಿಗಳ ಜೊತೆ, ಕರಿಬೇವಿನ ಗಿಡಕ್ಕಾಗಿ. ಆದರೆ ಹುಡುಕುತ್ತಿರುವುದು ನನ್ನ ಕಾನ್ವೆಂಟಿನ ಮದರ್ ಕೊಟ್ಟ ಮೇರಿಯಮ್ಮನ ಮೆಡಲ್ ಎಂದೂ, ಅದು ಭೂಮಿಪೂಜೆಯ ಗುಂಡಿಯೊಳಗೆ ಪಂಚಲೋಹದ ಜೊತೆ ಕೂತಿದೆ ಎಂದೂ ಆ ಕೌಂಟರಿನ ಮುಂದೆ ನಿಂತು ಯಾವ ಇಂಗ್ಲಿಷಿನಲ್ಲಿ ಹೇಳಲಿ? ಅದು ಉದ್ದದ ಕಥೆ, ಎಂದಷ್ಟೇ ಹೇಳಿದೆ. ಅವನು ತಲೆಯಾಡಿಸಿದ. ಯಾವ ಲೋಹ ಎಂದ. ಬೆಳ್ಳಿ, ಎಂದೆ.

ಹಾಗಾದರೆ ಇದು, ಎಂದು ಫೀಚರಿನದನ್ನು ನನ್ನ ಕಡೆ ಸರಿಸಿದ. ಕೊಳ್ಳುವ ಮೊದಲು ಬಾಡಿಗೆಗೆ ಒಯ್ದು ನೋಡಬಹುದಂತೆ. ಸಾದಾ ಡಿಟೆಕ್ಟರ್ ಮಕ್ಕಳ ಆಟಕ್ಕೆ ಸರಿ, ಹೊಸದಾಗಿ ಕಟ್ಟಿದ ಮನೆಯ ಅಂಗಳವೆಂದರೆ ಬರೀ ಕಸ, ಅದರಲ್ಲಿ ನಿಮಗೆ ಹುಚ್ಚು ಹಿಡಿಯುತ್ತದೆ ಎಂದು ಎಚ್ಚರಿಸಿದ.

ಆ ಉದ್ದದ ಕಥೆಯನ್ನು ಇಲ್ಲಿ ಹೇಳಬಹುದು.

ನಾವು ರಿಟೈರ್ ಆದ ಮೇಲೆ ಸಿಡ್ನಿಗೆ ಬಂದದ್ದು ಮಗಳು ಇಲ್ಲಿದ್ದಾಳೆಂದು. ಮೆಲ್ಬರ್ನಿನಲ್ಲಿ ಇರುವಷ್ಟು ಕಾಲ ಬಾಡಿಗೆ ಮನೆಯಲ್ಲೇ ಇದ್ದ ನಮ್ಮವರಿಗೆ ಖಾಲಿ ನೆಲದ ಮೇಲೆ ಸ್ವಂತ ಮನೆ ಕಟ್ಟಿಸಬೇಕೆಂಬ ಆಸೆ ಆ ವಯಸ್ಸಿನಲ್ಲಿ ಹುಟ್ಟಿಕೊಂಡಿತು. ಕ್ವೇಕರ್ಸ್ ಹಿಲ್ ದಾಟಿ ಸ್ಕೋಫೀಲ್ಡ್ಸ್ ಕಡೆಗೆ ಆಗ ಬರೀ ಹುಲ್ಲು, ನಾಲ್ಕು ಕುದುರೆ, ನಡುನಡುವೆ ಬಣ್ಣದ ಟೇಪು ಕಟ್ಟಿದ ಗೂಟಗಳು. ಅದರಲ್ಲೊಂದು ಬ್ಲಾಕ್ ನಮ್ಮದು. ಬಿಲ್ಡರ್ ಕಾಂಕ್ರೀಟ್ ಹಾಸುವ ಮೊದಲು ಭೂಮಿಪೂಜೆ ಆಗಬೇಕೆಂದು ನಾನು ಹಟ ಹಿಡಿದೆ. ಮೆಲ್ಬರ್ನಿನ ಪುರೋಹಿತರು ಫೋನಿನಲ್ಲೇ ಮುಹೂರ್ತ ಹೇಳಿದರು: ಅಭಿಜಿನ್, ನಡುಮಧ್ಯಾಹ್ನ. ಈಶಾನ್ಯ ಮೂಲೆಯಲ್ಲಿ ಮೊಳದುದ್ದ ಅಗೆದು, ಮಣ್ಣಿನ ಕುಡಿಕೆಯಲ್ಲಿ ಪಂಚಲೋಹ ಇಟ್ಟು ಮುಚ್ಚಿ ಎಂದರು. ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ಪಂಚಲೋಹದ ಪೊಟ್ಟಣ ಸಿಕ್ಕಿತು. ಉಗುರಿನ ಚೂರಿನಷ್ಟೇ ತೆಳ್ಳಗಿನ ಐದು ರೇಕುಗಳು. ಮಗಳಿಗೆ ರಜೆ ಸಿಗಲಿಲ್ಲ. ಆ ಬಯಲಿನಲ್ಲಿ ನಾವಿಬ್ಬರೇ, ಒಂದು ಹಾರೆ, ಒಂದು ಫ್ಲಾಸ್ಕ್ ಕಾಫಿ.

ಕುಡಿಕೆಗೆ ಪೊಟ್ಟಣ ಹಾಕಿದ ಮೇಲೆ ಅವರು ನನ್ನ ಕಡೆ ಕೈ ಚಾಚಿ, "ನಿನ್ನ ಮೇರಿಯಮ್ಮನ್ನೂ ಕೊಡು," ಎಂದರು.

ಆ ಮೆಡಲ್ ಸದಾ ನನ್ನ ಪರ್ಸಿನ ಒಳಖಾನೆಯಲ್ಲಿರುತ್ತಿತ್ತು. ನನ್ನ ತಾಯಿ ತೀರಿಕೊಂಡ ವಾರ, ಬೋರ್ಡಿಂಗಿನ ಚಾಪೆಲ್ಲಿನ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಾಗ ಮದರ್ ಬಂದು, ನನ್ನ ಮುಷ್ಟಿ ಬಿಡಿಸಿ ಅದನ್ನಿಟ್ಟು ಮತ್ತೆ ಮುಚ್ಚಿದ್ದರು. ಮಡಿ ಮನೆಯ ಹುಡುಗಿ ನಾನು. ಮನೆಯಲ್ಲಿ ಗೊತ್ತಾದರೆ ಗತಿಯೇನು ಎಂದು ಸೀರೆ ಪಿನ್ನಿನ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡೇ ದೊಡ್ಡವಳಾದೆ. ಮದುವೆಯಾದ ಹೊಸದರಲ್ಲಿ ಅದು ಕಂಡಾಗ ನಮ್ಮವರು ನಕ್ಕರು, ಬಿಸಾಡಲು ಹೇಳಲಿಲ್ಲ. ಅಷ್ಟಕ್ಕೇ ಅವರ ಮೇಲೆ ನನಗೆ ಪ್ರೀತಿ ಬಂದದ್ದು.

"ಅದ್ಯಾಕ್ರೀ ಇಲ್ಲಿಗೆ?" ಎಂದೆ.

"ಇಷ್ಟು ದಿನ ನಿನ್ನ ಪರ್ಸ್ ಕಾದಳು. ಇನ್ಮೇಲೆ ಮನೆ ಕಾಯಲಿ." ಅಂಗೈಯಲ್ಲಿ ತೂಗಿ ನೋಡಿ, "ಇದು ಬೆಳ್ಳಿಯಲ್ಲ ಕಣೇ. ನಿಮ್ಮ ಮದರ್ ನಿನಗೆ ಇಡ್ಲಿ ತಟ್ಟೆ ಚೂರು ಕೊಟ್ಟಿದ್ದಾರೆ," ಎಂದರು.

ನಾನು ಮುಖ ಊದಿಸಿಕೊಂಡೆ. ಅವರು ನನ್ನ ಸೆರಗಿನ ಸೇಫ್ಟಿ ಪಿನ್ ತಾವೇ ಬಿಚ್ಚಿ, ಕೆಂಪು ಬಟ್ಟೆಯ ಚೂರಿಗೆ ಮೆಡಲ್ ಚುಚ್ಚಿ, ಕುಡಿಕೆಯೊಳಗೆ ಇಳಿಸಿದರು. ಗಾಳಿಗೆ ಸೆರಗು ಹಾರುತ್ತಿತ್ತು. ಕುದುರೆಯೊಂದು ಬೇಲಿಯಾಚೆಯಿಂದ ನೋಡುತ್ತಿತ್ತು.

ಆ ಮನೆಯಲ್ಲಿ ಅವರು ಇದ್ದದ್ದು ಕೆಲವೇ ವರ್ಷ. ಅವರು ಹೋದ ಮೇಲೆ ಮಗಳ ಕೆಲಸ ಮೆಲ್ಬರ್ನಿಗೆ ಬದಲಾಯಿತು. ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ನಾನೊಬ್ಬಳೇ. ಪಕ್ಕದಲ್ಲೇ ದಿ ಪಾಂಡ್ಸ್ ಎಂಬ ಹೊಸ ಬಡಾವಣೆಗೆ ಆಗ ರಸ್ತೆ ಹಾಕುತ್ತಿದ್ದರು. ಹಗಲಿಡೀ ಬುಲ್ಡೋಜರಿನ ಸದ್ದು. ಅದು ನಿಂತ ಮೇಲೆ ಫ್ರಿಜ್ಜಿನ ಸದ್ದು. ಅಂಗಡಿಗೆ ಹೋಗದ ದಿನ ನನ್ನ ದನಿ ನಾನೇ ಕೇಳುತ್ತಿರಲಿಲ್ಲ. ಒಮ್ಮೆ ಟೆಲಿಮಾರ್ಕೆಟಿಂಗ್ ಹುಡುಗಿಯೊಬ್ಬಳನ್ನು ಫೋನಿನಲ್ಲಿ ಅಷ್ಟು ಹೊತ್ತು ಹಿಡಿದಿಟ್ಟುಕೊಂಡೆನೆಂದರೆ, ಕೊನೆಗೆ ಅವಳೇ ಸಾರಿ ಹೇಳಿ ಇಟ್ಟಳು. ಮಗಳು ಮಾತ್ರ ಪ್ರತಿ ಭಾನುವಾರ ಅದೇ ಹೇಳುತ್ತಿದ್ದಳು: ಮಾರಿ ಬಂದುಬಿಡು.

ಮಾರಿದೆ. ಅಂಗಳದ ಬೋರ್ಡಿನ ಮೇಲೆ ‘ಸೋಲ್ಡ್’ ಎಂಬ ಕೆಂಪು ಪಟ್ಟಿ ಅಂಟಿಸಿದ ದಿನ ಕೊಂಡ ಗಂಡಹೆಂಡಿರು ಬಂದು ಟೇಪು ಹಿಡಿದು ಅಳೆದರು. ಸ್ವಿಮ್ಮಿಂಗ್ ಪೂಲ್ ತೋಡಿಸುತ್ತಾರಂತೆ, ಮುಂದಿನ ಅಂಗಳಕ್ಕೆ ಪೇವಿಂಗ್ ಕಲ್ಲು ಹಾಸಿಸುತ್ತಾರಂತೆ. ಒಳ್ಳೆಯ ಮಕ್ಕಳು, ಖುಷಿಯಲ್ಲಿದ್ದರು. ನನಗೆ ಕಂಡದ್ದು ಮಾತ್ರ ಅಗೆಯುವ ಯಂತ್ರದ ಬಾಯಿ, ಅದರ ಹಲ್ಲಿನ ನಡುವೆ ಕೆಂಪು ಬಟ್ಟೆ. ಮನೆ ಹೋಗಲಿ, ಗೋಡೆ ಹೋಗಲಿ. ಅವರ ಕೈ ನನ್ನ ಸೆರಗು ಮುಟ್ಟಿ ತೆಗೆದ ಆ ಪಿನ್ನು, ಆ ಮೆಡಲ್, ಲಾರಿಯಲ್ಲಿ ಯಾವುದೋ ಕಸದ ಗುಡ್ಡೆಗೆ ಹೋಗಬಾರದು. ಸೆಟಲ್‌ಮೆಂಟಾಗಿ ಬೀಗದ ಕೈ ಕೊಡುವ ಮೊದಲು ಅದು ನನ್ನ ಕೈಗೆ ಬರಬೇಕು. ನನಗಿದ್ದ ಒಂದೇ ಗುರಿ ಅದು.

ಹಾಗೆ ಫೀಚರಿನ ಡಿಟೆಕ್ಟರ್ ಮನೆಗೆ ಬಂತು. ಕಾನ್ವೆಂಟಿನಲ್ಲಿ ಕಲಿತ ಅಭ್ಯಾಸ. ಮ್ಯಾನ್ಯುಯಲನ್ನು ಮೊದಲ ಪುಟದಿಂದ ಕೊನೆಯವರೆಗೆ ಪೆನ್ಸಿಲ್ ಹಿಡಿದು ಓದಿದೆ. ಕಬ್ಬಿಣ ಬೇಡ, ಫಾಯಿಲ್ ಬೇಡ, ಕ್ಯಾನಿನ ಮುಚ್ಚಳದ ರಿಂಗ್ ಬೇಡ ಎಂದು ಒತ್ತಿದೆ. ಪರದೆಯ ಮೇಲೆ ಬೆಳ್ಳಿಯ ಚೌಕ ಮಾತ್ರ ಉಳಿಯಿತು. ಫೋನಿನಲ್ಲಿ ಇದನ್ನೆಲ್ಲ ವರ್ಣಿಸಿದಾಗ ಮಗಳು, "ಅಮ್ಮಾ, ಯು ಕಾಂಟ್ ಈವನ್ ವರ್ಕ್ ದ ಮೈಕ್ರೋವೇವ್," ಎಂದಳು. ಸಾದಾದ್ದೇ ತರಬೇಕಿತ್ತು ಎಂದು ಅವಳ ಅಭಿಪ್ರಾಯ. ಅದಕ್ಕೇ ನನಗೆ ಇನ್ನಷ್ಟು ಹಟ.

ನಮ್ಮ ಮನೆ ಪೂರ್ವಕ್ಕೆ ರಸ್ತೆ ಇರುವ ಮನೆ. ಈಶಾನ್ಯವೆಂದರೆ ಮುಂದಿನ ಅಂಗಳದಲ್ಲಿ, ಲೆಟರ್‌ಬಾಕ್ಸಿನ ಮೂಲೆ. ಇಯರ್‌ಫೋನ್ ಹಾಕಿಕೊಂಡು, ಹೇಳಿಕೊಟ್ಟಂತೆ ಬಳೆಯನ್ನು ಹುಲ್ಲಿಗೆ ತಾಗಿಯೂ ತಾಗದ ಹಾಗೆ, ರಂಗೋಲಿಯ ಮೇಲೆ ಕೈಯಾಡಿಸಿದಂತೆ ಆಡಿಸಿದೆ. ಏನೂ ಇಲ್ಲ. ಮಾರನೆಯ ದಿನವೂ ಇಲ್ಲ. ಹಿತ್ತಲು, ಮುಂಗಡೆ, ಬೇಲಿಯ ಬುಡ ಎಲ್ಲ ಕಡೆ ಓಡಾಡಿದೆ. ಇಯರ್‌ಫೋನಿನ ಒಳಗೆ ಅಂಥ ಮೌನ! ಮನೆಯೊಳಗಿನದೇ ಸಾಲದೆಂದು ಅಂಗಳಕ್ಕೂ ಒಂದನ್ನು ಬಾಡಿಗೆ ಕೊಟ್ಟು ತಂದಂತಾಯಿತು.

ಮೂರನೆಯ ದಿನ ದಣಿದು ಮೆಟ್ಟಿಲ ಮೇಲೆ ಕೂತು ಲೆಮನೇಡಿನ ಕ್ಯಾನ್ ಒಡೆದೆ. ರಿಂಗ್ ಕಿತ್ತು ಕೈಗೆ ಬಂತು. ಎಷ್ಟು ಹಗುರ. ಅಂಗೈಯಲ್ಲಿ ತೂಗಿದೆ, ಅವರು ತೂಗಿದ ಹಾಗೆ. ಇಡ್ಲಿ ತಟ್ಟೆ ಚೂರು. ಆ ದಿನ ಕೋಪದಲ್ಲಿ ಕಿವಿಗೇ ಹಾಕಿಕೊಳ್ಳದಿದ್ದ ಮಾತು. ರಿಂಗನ್ನು ಹುಲ್ಲಿನ ಮೇಲಿಟ್ಟು ಡಿಟೆಕ್ಟರ್ ಆಡಿಸಿದೆ. ಅದು ತುಟಿ ಬಿಚ್ಚಲಿಲ್ಲ. ಸೆರಗಿನ ಪಿನ್ ತೆಗೆದಿಟ್ಟೆ, ಅದಕ್ಕೂ ಇಲ್ಲ. ನಾನೇ ಪೆನ್ಸಿಲಿನಲ್ಲಿ ಗುರುತು ಹಾಕಿ, ಅಲ್ಯುಮಿನಿಯಂ ಬೇಡ, ಕಬ್ಬಿಣ ಬೇಡ ಎಂದು ಅದಕ್ಕೆ ತಾಕೀತು ಮಾಡಿದ್ದೆ. ಐವತ್ತು ವರ್ಷ ಬೆಳ್ಳಿಯೆಂದು ನಂಬಿದ್ದೆನಲ್ಲ. ಮದರ್ ಬೆಳ್ಳಿಯೆಂದು ಎಂದೂ ಹೇಳಿರಲಿಲ್ಲ. ಆ ಮುಷ್ಟಿಯೊಳಗಿನ ಹೊಳಪಿಗೆ ಆ ಹೆಸರಿಟ್ಟವಳು ನಾನೇ.

ಅದರಲ್ಲಿ ಎಲ್ಲ ಲೋಹಕ್ಕೂ ಕೂಗುವ ಸೆಟ್ಟಿಂಗ್ ಒಂದಿತ್ತು, ಗೊತ್ತು. ಆದರೆ ಅದರ ಮೇಲೆ ನನಗೆ ಮನಸ್ಸು ಮುರಿದಿತ್ತು. ಬಸ್ ಹತ್ತಿ ಹೋಗಿ ವಾಪಸ್ ಕೊಟ್ಟು, ಸಾದಾದ್ದನ್ನು ಕೊಡಿ ಎಂದೆ. ಹುಚ್ಚು ಹಿಡಿಯುತ್ತದೆ ಎಂದು ಮತ್ತೆ ನೆನಪಿಸಿದ. ಸೈಲೆನ್ಸಿಗಿಂತ ವಾಸಿ, ಎಂದೆ.

ಅವನು ಹೇಳಿದ್ದು ಸುಳ್ಳಲ್ಲ. ಅದೇ ಲೆಟರ್‌ಬಾಕ್ಸಿನ ಮೂಲೆ ಈಗ ಸಂತೆಯಾಗಿ ಹೋಯಿತು. ಹೆಜ್ಜೆಹೆಜ್ಜೆಗೂ ಕುಯ್ಯೋ ಎಂದು ಕೂಗು. ಏಜೆಂಟಿನ ಬೋರ್ಡಿನ ಕಾಲುಗಳ ಹತ್ತಿರ ಹೋದರಂತೂ ಹೆರಿಗೆ ನೋವು. ಕೂಗಿದಲ್ಲೆಲ್ಲ ಮೊಣಕಾಲೂರಿ ಸಣ್ಣ ಸನಿಕೆಯಿಂದ ಅಗೆದೆ: ಬಾಗಿದ ಮೊಳೆ, ತಂತಿ ತುಂಡು, ಬಿಲ್ಡರಿನ ಹುಡುಗರು ಕುಡಿದು ತುಳಿದ ಕ್ಯಾನು, ಚಾಕಲೇಟಿನ ಫಾಯಿಲ್. ನಿಜ ಹೇಳಬೇಕೆಂದರೆ ನನಗೆ ಬೇಸರವಾಗಲಿಲ್ಲ. ಒಂದೊಂದು ಕೂಗಿಗೂ ಎದೆ ಒಮ್ಮೆ ಹಾರುತ್ತಿತ್ತು. ಇಡೀ ದಿನ ಯಾರೋ ಕರೆಯುತ್ತಿದ್ದಂತೆ, ನಾನು ಓಗೊಟ್ಟು ಹೋದಂತೆ.

ಪಕ್ಕದ ಮನೆಯಾಕೆ ಧಾರವಾಡದವಳು, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಕೆಲಸಕ್ಕೆ ಹೋಗಿ ಬರುವಾಗ ಕಾರಿನ ಕಿಟಕಿಯಿಂದ ಕೈ ಬೀಸುವಷ್ಟೇ ಅವಳಿಗೆ ಬಿಡುವು. ಅವತ್ತು ಕಾರು ನಿಲ್ಲಿಸಿ ಇಳಿದೇ ಬಂದಳು. ಅಗೆದ ಗುಂಡಿಗಳನ್ನು ನೋಡಿ, "ಏನ್ರೀ ಆಂಟಿ, ಹೆಗ್ಗಣಾ ಸಾಕೀರೇನು?" ಎಂದಳು.

ಕಾರಣ ಹೇಳಿದೆ. ನಗು ನಿಲ್ಲಿಸಿ, ಬ್ಯಾಗನ್ನು ಭುಜದಿಂದ ಇಳಿಸಿದಳು.

"ಆಂಟಿ, ಸಿಟ್ಟಾಗಬ್ಯಾಡ್ರಿ. ಭೂಮಿತಾಯಿಗೆ ಕೊಟ್ಟಿದ್ದು ತಿರಗಿ ತಗೋಬಾರದು ಅಂತಾರ ನಮ್ಮ ಕಡೆ. ಮನೀ ತಗೊಂಡವ್ರಿಗೂ ಒಳ್ಳೇದಾಗಬೇಕಲ್ರಿ."

"ಪಂಚಲೋಹ ಭೂಮಿಗೆ ಕೊಟ್ಟದ್ದಮ್ಮ. ಮೆಡಲ್ ನಂದು," ಎಂದೆ. ಹೇಳಿದ ಮೇಲೆ ನನಗೇ ಅದು ಸರಿಯೋ ತಪ್ಪೋ ತಿಳಿಯಲಿಲ್ಲ.

ಅವಳು ಬ್ಯಾಗನ್ನು ಮತ್ತೆ ಭುಜಕ್ಕೇರಿಸಿದಳು. ಸಂಜೆ ಬೇಲಿಯ ಮೇಲಿಂದ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟು ಹೋದಳು. ಇಷ್ಟು ವರ್ಷ ಪಕ್ಕದಲ್ಲಿದ್ದು, ಹೊರಡುವ ವಾರ ಮೊದಲ ರೊಟ್ಟಿ. ನಾನೂ ಎಂದಾದರೂ ಒಂದು ಬಟ್ಟಲು ಹುಳಿ ದಾಟಿಸಿದ್ದೆನೇ? ಇಲ್ಲ.

ಈಶಾನ್ಯ ಮೂಲೆ ಪೂರ್ತಿ ಮುಗಿಯಿತು. ಅಲ್ಲಿ ಕುಡಿಕೆ ಇರಲಿಲ್ಲ. ಬಿಲ್ಡರ್ ನೆಲ ಮಟ್ಟ ಮಾಡುವಾಗಲೇ ಎತ್ತಿ ಬಿಸಾಡಿರಬೇಕು ಎಂದುಕೊಂಡೆ. ಆಗ ಮಧ್ಯಾಹ್ನ. ಡಿಟೆಕ್ಟರನ್ನು ಊರುಗೋಲಿನಂತೆ ಹಿಡಿದು ನಿಂತಿದ್ದೆ. ಕಾಲಬುಡದಲ್ಲಿ ನನ್ನ ಗಿಡ್ಡ ನೆರಳು ಡ್ರೈವ್‌ವೇ ಕಡೆ ಬಿದ್ದಿತ್ತು. ಡ್ರೈವ್‌ವೇ ಮನೆಯ ದಕ್ಷಿಣಕ್ಕೆ. ಏಜೆಂಟನೂ ಬಂದವರಿಗೆಲ್ಲ ಡ್ರೈವ್‌ವೇಗೆ ವಿರುದ್ಧ ಬದಿಯ ಗೋಡೆ ತೋರಿಸಿ, ನಾರ್ತ್ ಫೇಸಿಂಗ್ ಲಿವಿಂಗ್ ರೂಮ್, ದಿನವಿಡೀ ಬಿಸಿಲು ಎಂದು ಹಾಡಿದ್ದ. ಅಂದರೆ ಇಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ.

ಆಗ ಅವರ ಮಾತು ಕಿವಿಗೆ ಬಂತು. ಆ ಖಾಲಿ ಬಯಲಿನಲ್ಲಿ ಹಾರೆಯನ್ನು ನೆಟ್ಟಗೆ ನೆಟ್ಟು, ಬಗ್ಗಿ ನೋಡಿ, ತಮ್ಮ ಜಾಣತನಕ್ಕೆ ತಾವೇ ಬೀಗುತ್ತ ಅವರು ಹೇಳಿದ್ದು:

"ನೋಡು, ನಡುಮಧ್ಯಾಹ್ನ. ನೆರಳು ಬಿದ್ದ ಕಡೆ ಉತ್ತರ. ಬಾಗಿಲು ಇಡಿಸುವಾಗ ನಮ್ಮಪ್ಪ ಹೀಗೇ ನೋಡ್ತಿದ್ದರು."

ಅವರಪ್ಪನದು ಸರಿಯೇ, ನಮ್ಮ ಊರಿನಲ್ಲಿ. ಮೂವತ್ತು ವರ್ಷ ಈ ದೇಶದ ಬಿಸಿಲಿನಲ್ಲಿ ಓಡಾಡಿ, ಇಲ್ಲಿನ ರೈಲು ಓಡಿಸಿದ ಇಂಜಿನಿಯರ್, ಮನೆಯ ಮಾತು ಬಂದಾಕ್ಷಣ ಅಪ್ಪನ ಸೂರ್ಯನನ್ನೇ ನಂಬಿದ್ದರು. ಕೋನ, ಅಳತೆ ಎಂದರೆ ಪ್ರಾಣ ಬಿಡುವ ಮನುಷ್ಯ. ಪಕ್ಕದಲ್ಲಿದ್ದ ನಾನೂ ಹೂಂ ಎಂದಿದ್ದೆ. ದಕ್ಷಿಣವನ್ನು ಉತ್ತರ ಮಾಡಿ, ಅಲ್ಲಿಂದ ಬಲಕ್ಕೆ ತಿರುಗಿ ಪಶ್ಚಿಮವನ್ನು ಪೂರ್ವ ಮಾಡಿದ್ದಾರೆ. ಅವರ ಈಶಾನ್ಯವೆಂದರೆ ನಮ್ಮ ಹಿತ್ತಲಿನ ನೈರುತ್ಯ. ಬಟ್ಟೆ ಒಣಹಾಕುವ ಮೂಲೆ.

ಅಲ್ಲೇ ಅಂಗಳದಲ್ಲಿ ನಿಂತು ನಕ್ಕೆ. ನಗು ಬಹಳ ಹೊತ್ತು ಹೋಯಿತು. ಈ ಜೋಕು ಹೇಳಬೇಕಾದ ಒಬ್ಬರೇ ಒಬ್ಬರು ಇಲ್ಲವಲ್ಲ ಎಂದು ನೆನಪಾದಾಗ ನಿಂತಿತು.

ಹಿತ್ತಲಿಗೆ ಹೋದೆ. ಬಟ್ಟೆ ಕಂಬದ ಕಬ್ಬಿಣಕ್ಕೆ ಡಿಟೆಕ್ಟರ್ ಸುಮ್ಮನೆ ಕಿರುಚುತ್ತಿತ್ತು. ಆ ಒಂದೇ ನಾಬನ್ನು ಕೆಳಕ್ಕೆ ತಿರುಗಿಸಿದೆ, ಅದರ ಕಿವಿ ಸ್ವಲ್ಪ ಮಂದ ಮಾಡಿದೆ. ಕಂಬದಿಂದ ಆಚೆ, ಬೇಲಿಗೆ ಹತ್ತಿರ, ನಾನು ದಿನವೂ ಕ್ಲಿಪ್ಪಿನ ಬುಟ್ಟಿ ಇಡುತ್ತಿದ್ದ ಕಡೆ, ಸಣ್ಣಗೆ ಒಂದು ಕೂಗು. ಮೊದಲ ಡಿಟೆಕ್ಟರ್ ಹಿಡಿದು ಇಲ್ಲೂ ಓಡಾಡಿದ್ದೆ. ಅದು ಕೇಳಿಸಿಕೊಂಡೂ ಹೇಳದೆ ದಾಟಿತ್ತು.

ಮೇಲಿನ ಮಣ್ಣು ಬಿಲ್ಡರ್ ಕೆರೆದು ಒಯ್ದಿದ್ದಿರಬೇಕು. ಗೇಣುದ್ದಕ್ಕೇ ಕುಡಿಕೆಯ ಚೂರು ತಾಗಿತು. ಸನಿಕೆ ಬಿಟ್ಟು ಬೆರಳಿನಲ್ಲಿ ಬಿಡಿಸಿದೆ. ಬಟ್ಟೆ ಇರಲಿಲ್ಲ, ಮಣ್ಣಿಗೆ ಕೆಂಪು ಬಣ್ಣ ಮಾತ್ರ. ಪಿನ್ನು ತುಕ್ಕು ಹಿಡಿದು ಮುಟ್ಟಿದರೆ ಉದುರುತ್ತಿತ್ತು. ಅದರ ಬಾಯಿಗೆ ಕಚ್ಚಿಕೊಂಡಂತೆ ಮೆಡಲ್. ಬಿಳಿ ಹಿಟ್ಟಿನಂಥ ಪದರ ಕಟ್ಟಿತ್ತು, ಮೇರಿಯಮ್ಮನ ಮುಖ ಹೋಗಿತ್ತು, ಚಾಚಿದ ಕೈಗಳು ಉಳಿದಿದ್ದವು. ಬೆಳ್ಳಿ ಹೀಗಾಗುವುದಿಲ್ಲ. ನೀವು ಹೇಳಿದ್ದೇ ಸರಿ ಕಣ್ರೀ, ಎಂದೆ. ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಬೇಲಿಯ ಮೇಲಿನ ಮ್ಯಾಗ್‌ಪೈ ಹಕ್ಕಿ ಹಾರಿಹೋಯಿತು.

ಮಣ್ಣಿನಲ್ಲಿ ಹಸಿರುಗಟ್ಟಿದ ತಾಮ್ರದ ರೇಕು ಒಂದು ಕಂಡಿತು. ಉಳಿದ ನಾಲ್ಕನ್ನು ಹುಡುಕಲಿಲ್ಲ. ಧಾರವಾಡದವಳ ಮಾತು ನೆನಪಿತ್ತು. ಅದನ್ನು ಇದ್ದಲ್ಲೇ ಬಿಟ್ಟು, ಪಿನ್ನಿನ ಪುಡಿಯನ್ನೂ ಅಲ್ಲೇ ಉದುರಿಸಿ, ಮಣ್ಣು ಮುಚ್ಚಿ, ಒಂದು ಚೊಂಬು ನೀರು ಹಾಕಿದೆ. ಕೊಂಡವರು ಪೂಲ್ ತೋಡಿಸುವುದು ಆಚೆ ಬದಿಗೆ ಎಂದು ಆಮೇಲೆ ತಿಳಿಯಿತು. ಅಂದರೆ ನಾನು ಸುಮ್ಮನಿದ್ದಿದ್ದರೂ ಅದಕ್ಕೇನೂ ಆಗುತ್ತಿರಲಿಲ್ಲ. ಇರಲಿ.

ಡಿಟೆಕ್ಟರ್ ಹಿಂದಿರುಗಿಸಲು ಹೋದಾಗ ಅಂಗಡಿಯವನು ನನ್ನ ಗಂಡನ ಮೆಡಲ್ ಸಿಕ್ಕಿತೇ ಎಂದು ಕೇಳಿದ. ಪರ್ಸಿನ ಒಳಖಾನೆಯಿಂದ ತೆಗೆದು ಕೌಂಟರಿನ ಮೇಲಿಟ್ಟೆ. ಅವನು ಬಗ್ಗಿ ನೋಡಿದ, ತಿರುಗಿಸಿ ನೋಡಿದ. ನನಗೂ ನಮ್ಮಜ್ಜಿ ಇಂಥದ್ದೇ ಕೊಟ್ಟಿದ್ದಳು, ಎಂದ. ಆ ಸಾದಾ ಡಿಟೆಕ್ಟರನ್ನು ಹಿಂದಕ್ಕೆ ಕೊಡಲು ಕೈ ಬರಲಿಲ್ಲ, ಕೊಂಡೇಬಿಟ್ಟೆ.

ಈಗ ಮೆಲ್ಬರ್ನಿನಲ್ಲಿ ಮಗಳ ಮನೆ. ಎಲ್ಲರೂ ಕೆಲಸಕ್ಕೆ, ಸ್ಕೂಲಿಗೆ ಹೊರಟುಹೋದ ಮೇಲೆ ಅದೇ ಫ್ರಿಜ್ಜಿನ ಸದ್ದು, ಫ್ರಿಜ್ ಮಾತ್ರ ದೊಡ್ಡದು. ವಾರಕ್ಕೊಮ್ಮೆ ಟ್ರೇನ್ ಹಿಡಿದು ವಿಲಿಯಮ್ಸ್‌ಟೌನ್ ಬೀಚಿಗೆ ಹೋಗುತ್ತೇನೆ. ನನ್ನಂತೆ ಡಿಟೆಕ್ಟರ್ ಹಿಡಿದ ಮುದುಕರು ಇಬ್ಬರು ಮೂವರು ಇರುತ್ತಾರೆ. ಎಲ್ಲರ ಕಿವಿಗೂ ಇಯರ್‌ಫೋನ್, ತಲೆಯಾಡಿಸಿ ದಾಟುತ್ತೇವೆ. ಇದ್ಯಾಕೆ ಇನ್ನೂ ಈ ಡಬ್ಬ, ಒಳ್ಳೆಯದು ಕೊಡಿಸುತ್ತೇನೆ ಎನ್ನುತ್ತಾಳೆ ಮಗಳು. ಇದು ಸಾಕು ಎನ್ನುತ್ತೇನೆ. ಕ್ಯಾನಿನ ರಿಂಗು, ಹೇರ್‌ಪಿನ್ನು, ಒಮ್ಮೊಮ್ಮೆ ನಾಣ್ಯ. ಎಲ್ಲಕ್ಕೂ ಕೂಗುತ್ತದೆ, ಎಲ್ಲಕ್ಕೂ ಬಗ್ಗುತ್ತೇನೆ.

ಮಧ್ಯಾಹ್ನವಾದಾಗ ನೆರಳು ನೀರಿನ ಕಡೆ ಬೀಳುತ್ತದೆ. ಆ ಕಡೆ ದಕ್ಷಿಣ, ಸಮುದ್ರ, ಅದರಾಚೆ ಹಿಮ, ನನ್ನವರು ಯಾರೂ ಇಲ್ಲದ ದಿಕ್ಕು. ನಮ್ಮವರ ಲೆಕ್ಕದಲ್ಲಿ ಮಾತ್ರ ಅದು ಉತ್ತರ, ಊರಿರುವ ಕಡೆ. ಡಿಟೆಕ್ಟರ್ ಆಡಿಸುತ್ತ ನೆರಳಿನ ಹಿಂದೆಯೇ ನಡೆಯುತ್ತೇನೆ, ಸೀರೆಯ ಅಂಚು ಒದ್ದೆಯಾಗುವವರೆಗೆ.